ಗರುಗದ ಎಣ್ಣೆ ಕಮಟು ಹೋಗದಂತೆ ಕಾಯಿಸಿ ಇಡುವುದು ಹೇಗೆ? ಮನೆಯಲ್ಲಿ ಮಾಡುವ ಗಿಡಮೂಲಿಕೆ ಎಣ್ಣೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಗರುಗದ (ಭೃಂಗರಾಜದ) ಎಣ್ಣೆ ಮಾಡಿದಾಗ ಹಸಿ ಸೊಪ್ಪನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಕೊಬ್ಬರಿ ಎಣ್ಣೆಯ ಬಾಟಲಿಗೆ ತುಂಬಿ ಕಿಟಕಿಯ ಬಿಸಿಲಿಗೆ ಇಟ್ಟಿದ್ದೆ. ಹತ್ತು ದಿನಕ್ಕೆ ಎಲೆಗಳ ಸುತ್ತ ಸಣ್ಣ ಗುಳ್ಳೆಗಳು ಬಂದವು. ಮೇಲೆ ಬಿಳಿ ಬೂಸ್ಟು. ಮುಚ್ಚಳ ತೆಗೆದರೆ ಹುಳಿ ವಾಸನೆ. ಗಾಣದಿಂದ ತಂದ ಒಳ್ಳೆಯ ಎಣ್ಣೆ, ಎಲ್ಲ ಚೆಲ್ಲಬೇಕಾಯಿತು.

ಎರಡನೇ ಸಲ ಕಾಯಿಸಿದೆ. ಆದರೆ ಸೀದು ಹೋಗುತ್ತದೆ ಎಂಬ ಭಯಕ್ಕೆ ಬೇಗ ಇಳಿಸಿಬಿಟ್ಟೆ. ಎರಡು ತಿಂಗಳಿಗೆ ಎಣ್ಣೆ ಸೋಪಿನಂತೆ ನಾರತೊಡಗಿತು. ಆಗ ನಮ್ಮ ಮನೆಯ ಹಿರಿಯರೊಬ್ಬರು ಒಂದೇ ಮಾತು ಹೇಳಿದರು: "ಸದ್ದು ನಿಲ್ಲೋವರೆಗೂ ಒಲೆ ಮೇಲಿಂದ ಇಳಿಸಬಾರದು ಕಣಮ್ಮ." ಆ ಸದ್ದು ನೀರಿನದು. ಎಣ್ಣೆ ಎಷ್ಟು ದಿನ ಬಾಳುತ್ತದೆ ಅನ್ನುವುದು ಬಾಟಲಿಯಲ್ಲಿ ಅಲ್ಲ, ಒಲೆಯ ಮೇಲೇ ತೀರ್ಮಾನ ಆಗುತ್ತದೆ. ವಿಟಮಿನ್ ಇ, ಬಣ್ಣದ ಬಾಟಲಿ, ಫ್ರಿಜ್ಜು ಎಲ್ಲ ಆಮೇಲಿನ ಮಾತು.

ಇಲ್ಲಿ ಗರುಗವನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಒಂದೆಲಗ, ದಾಸವಾಳ, ಬೇವು, ಯಾವುದಕ್ಕಾದರೂ ಇದೇ ದಾರಿ.

ಎಣ್ಣೆ ಕೆಡುವುದು ಹೇಗೆ?

ಎಣ್ಣೆ ಮುಖ್ಯವಾಗಿ ಎರಡು ರೀತಿ ಕೆಡುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ. ಆದ್ದರಿಂದ ಇದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ಒಂದು, ನೀರಿನಿಂದ. ಎಣ್ಣೆಯಲ್ಲಿ ತೇವ ಉಳಿದರೆ ಅದು ಎಣ್ಣೆಯ ಕಣವನ್ನು ಒಡೆದು ಕೊಬ್ಬಿನ ಆಮ್ಲಗಳನ್ನು ಬಿಡಿಸುತ್ತದೆ. ಹಸಿ ಸೊಪ್ಪಿನಲ್ಲಿರುವ ಕಿಣ್ವಗಳು, ಬೂಸ್ಟು ಈ ಕೆಲಸವನ್ನು ಇನ್ನೂ ಜೋರು ಮಾಡುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಹೀಗೆ ಬಿಡುಗಡೆಯಾಗುವುದು ಹೆಚ್ಚಾಗಿ ಲಾರಿಕ್ ಆಮ್ಲ. ಸೋಪಿನ ವಾಸನೆ ಬರುವುದು ಅದರಿಂದಲೇ. ನನ್ನ ಎರಡನೇ ಬಾಟಲಿಗೆ ಆಗಿದ್ದು ಇದೇ.

ಇನ್ನೊಂದು, ಗಾಳಿಯಿಂದ. ಗಾಳಿಯ ಆಮ್ಲಜನಕ ಎಣ್ಣೆಗೆ ಅಂಟಿಕೊಂಡು ಪೆರಾಕ್ಸೈಡ್ ಆಗುತ್ತದೆ. ಅದು ಒಡೆದಾಗ ಹಳೇ ಕಡಲೆಬೀಜದ, ಪೇಂಟಿನ ಥರದ ಕಮಟು ವಾಸನೆ ಬರುತ್ತದೆ. ಇದು ಒಂದು ಕಣದಿಂದ ಇನ್ನೊಂದಕ್ಕೆ ಹಬ್ಬುವ ಸರಪಳಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದುಕೊಳ್ಳಿ. ಅದಕ್ಕೇ ಹಳೇ ಎಣ್ಣೆ ತಳದಲ್ಲಿ ಉಳಿದಿರುವ ಬಾಟಲಿಗೆ ಹೊಸ ಎಣ್ಣೆ ಸುರಿಯಲೇಬಾರದು. ಬೆಳಕು, ಬಿಸಿ, ತಾಮ್ರ ಮತ್ತು ಕಬ್ಬಿಣದ ಅಂಶ ಈ ಸರಪಳಿಗೆ ವೇಗ ಕೊಡುತ್ತವೆ. ಬಿಸಿ 10 ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆ.

ಯಾವ ಎಣ್ಣೆ ಆರಿಸಬೇಕು?

ಎಳ್ಳೆಣ್ಣೆಯೇ ನನ್ನ ಮೊದಲ ಆಯ್ಕೆ. ನಮ್ಮ "ಎಣ್ಣೆ" ಎಂಬ ಪದವೇ ಎಳ್ಳು ಮತ್ತು ನೆಯ್ (ತುಪ್ಪ, ಜಿಡ್ಡು) ಸೇರಿ ಆಗಿದ್ದು. ಸಂಸ್ಕೃತದ "ತೈಲ" ಕೂಡ "ತಿಲ"ದಿಂದ, ಅಂದರೆ ಎಳ್ಳಿನಿಂದಲೇ ಬಂದದ್ದು. ಹಿಂದಿನವರು ಸುಮ್ನೆ ಎಳ್ಳನ್ನು ಹಿಡಿದುಕೊಂಡಿರಲಿಲ್ಲ. ಎಳ್ಳೆಣ್ಣೆಯಲ್ಲಿ ಸೆಸಮಿನ್, ಸೆಸಮೋಲಿನ್ ಎಂಬ ವಸ್ತುಗಳಿವೆ. ಕಾಯಿಸಿದಾಗ ಸೆಸಮೋಲಿನ್ ಒಡೆದು ಸೆಸಮೋಲ್ ಆಗುತ್ತದೆ. ಇದು ಗಾಳಿಯಿಂದ ಕೆಡುವುದನ್ನು ಚೆನ್ನಾಗಿ ತಡೆಯುತ್ತದೆ. ಅಂದರೆ ಈ ಎಣ್ಣೆ ತನ್ನ ಕಾವಲನ್ನು ತಾನೇ ಹೊತ್ತು ತರುತ್ತದೆ.

ಕೊಬ್ಬರಿ ಎಣ್ಣೆ ಗಾಳಿಗೆ ಹೆದರುವುದಿಲ್ಲ. ಅದರಲ್ಲಿ ನೂರಕ್ಕೆ ಸುಮಾರು 90 ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಆಮ್ಲಜನಕ ಸುಲಭವಾಗಿ ಅಂಟದ ಕೊಬ್ಬು. ಆದರೆ ನೀರಿಗೆ ಹೆದರುತ್ತದೆ. ತೇವ ಪೂರ್ತಿ ಹೋಗಿದ್ದರೆ ಚೆನ್ನಾಗಿ ಬಾಳುತ್ತದೆ. ಹರಳೆಣ್ಣೆಯೂ ಗಟ್ಟಿಗ. ಆದರೆ ತುಂಬ ಮಂದ, ಹಾಗಾಗಿ ಬೇರೆ ಎಣ್ಣೆಯೊಂದಿಗೆ ಹತ್ತರಲ್ಲಿ ಒಂದು ಪಾಲು ಸೇರಿಸುವುದು ಸುಲಭ. ಸಾಮಾನ್ಯ ಸೂರ್ಯಕಾಂತಿ ಎಣ್ಣೆ, ಅಗಸೆ ಎಣ್ಣೆ ಬೇಡ. ಅಗಸೆ ಎಣ್ಣೆ ಗಾಳಿ ತಾಗಿದರೆ ಒಣಗಿ ಅಂಟಾಗುತ್ತದೆ, ಪೇಂಟಿಗೆ ಹಾಕುವುದೂ ಅದೇ ಗುಣಕ್ಕೆ.

ಒಂದು ಎಚ್ಚರಿಕೆ. ಕೊಳ್ಳುವಾಗಲೇ ಮೂಸಿ ನೋಡಿ. ಗಾಣದಲ್ಲಿ ಈ ವಾರ ತೆಗೆದ ಎಣ್ಣೆಯೇ ಬೇಕು. ಅರ್ಧ ಕಮಟು ಹಿಡಿದ ಎಣ್ಣೆಯನ್ನು ಯಾವ ಮೂಲಿಕೆಯೂ ಉಳಿಸುವುದಿಲ್ಲ, ವಾಸನೆಯನ್ನು ಮುಚ್ಚುತ್ತದೆ ಅಷ್ಟೆ.

ಸೊಪ್ಪು

ಗದ್ದೆ ಬದುವಿನಲ್ಲಿ, ಕಾಲುವೆ ಪಕ್ಕದಲ್ಲಿ ಬೆಳೆಯುವ ಬಿಳಿ ಹೂವಿನ ಗರುಗ ತನ್ನಿ. ಕಾಂಡವನ್ನು ಚಿವುಟಿ ಸ್ವಲ್ಪ ಹೊತ್ತು ಬಿಟ್ಟರೆ ರಸ ಕಪ್ಪಾಗಬೇಕು. ಇದೇ ಸರಿಯಾದ ಗುರುತು. ಔಷಧಿ ಹೊಡೆದ ಗದ್ದೆಯ ಸೊಪ್ಪು ಬೇಡ. ಮಣ್ಣು ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆದು, ಜರಡಿಯಲ್ಲಿ ನೀರು ಬಸಿಯಲು ಬಿಡಿ.

ಅಳತೆ

ಆಯುರ್ವೇದದ ಹಳೆಯ ಲೆಕ್ಕ ಇವತ್ತಿಗೂ ಸರಿಯಾಗಿದೆ. ಎಣ್ಣೆ ಒಂದು ಪಾಲಾದರೆ ದ್ರವ ನಾಲ್ಕು ಪಾಲು. ಕಲ್ಕ, ಅಂದರೆ ನುಣ್ಣಗೆ ಅರೆದ ಮೂಲಿಕೆಯ ಮುದ್ದೆ, ದ್ರವ ಯಾವುದು ಅನ್ನುವುದರ ಮೇಲೆ ಬದಲಾಗುತ್ತದೆ. ಬರೀ ನೀರು ಹಾಕಿದರೆ ಎಣ್ಣೆಯ ನಾಲ್ಕನೇ ಒಂದು ಪಾಲು, ಕಷಾಯವಾದರೆ ಆರನೇ ಒಂದು, ಹಸಿ ರಸವಾದರೆ ಎಂಟನೇ ಒಂದು. ಎಷ್ಟು ಅಂದವಾದ ಲೆಕ್ಕ ಅಲ್ವಾ? ದ್ರವದಲ್ಲಿ ಸಾರ ಜಾಸ್ತಿ ಇದ್ದಷ್ಟೂ ಕಲ್ಕ ಕಡಿಮೆ.

ನಮ್ಮ ಅಳತೆಗೆ:

- ಎಳ್ಳೆಣ್ಣೆ: 500 ಮಿಲಿ
- ಗರುಗದ ರಸ: 2 ಲೀಟರ್
- ಅರೆದ ಗರುಗ: 60 ಗ್ರಾಂ

ರಸ ಸಾಲದಿದ್ದರೆ ಹಿಂಡಿದ ಸೊಪ್ಪಿಗೇ ಸ್ವಲ್ಪ ನೀರು ಹಾಕಿ ಮತ್ತೆ ರುಬ್ಬಿ ಹಿಂಡಿಕೊಳ್ಳಿ. ಮೊದಲ ಸಲ ಮಾಡುವವರು ಎಲ್ಲವನ್ನೂ ಅರ್ಧ ಮಾಡಿಕೊಂಡರೆ ಒಳ್ಳೆಯದು.

ಪಾತ್ರೆ ಸ್ಟೀಲಿನದೇ ಇರಲಿ, ತಳ ದಪ್ಪಗಿರಲಿ. ಕೂದಲು ಕಪ್ಪಾಗಲಿ ಅಂತ ಕಬ್ಬಿಣದ ಬಾಣಲೆಯಲ್ಲಿ ಕಾಯಿಸುವವರಿದ್ದಾರೆ. ಒಂದೆರಡು ವಾರದಲ್ಲಿ ಖರ್ಚಾಗುವ ಎಣ್ಣೆಗೆ ಅದು ನಡೆಯಬಹುದು. ವರ್ಷ ಇಡುವ ಎಣ್ಣೆಗೆ ಬೇಡ. ತಾಮ್ರ, ಕಲಾಯಿ ಇಲ್ಲದ ಹಿತ್ತಾಳೆಯೂ ಬೇಡ.

ಕಾಯಿಸುವುದು

ಇದೇ ಮುಖ್ಯವಾದ ಕೆಲಸ. ಸುಮಾರು ಮೂರು ನಾಲ್ಕು ಗಂಟೆ ಬೇಕು. ಕೊನೆಯ ಅರ್ಧ ಗಂಟೆ ಒಲೆ ಬಿಟ್ಟು ಕದಲಬಾರದು. ಫೋನು ಬಂದರೂ ತೆಗೆಯಬೇಡಿ.

ಮೊದಲು ಎಣ್ಣೆಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಹೊಗೆ ಬರಬಾರದು. ಕಲ್ಕವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಸಿ. ಆಮೇಲೆ ರಸ ಸುರಿಯಿರಿ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರದು, ಏಕೆಂದರೆ ನೊರೆ ಉಕ್ಕುತ್ತದೆ. ಶುರುವಿನಲ್ಲಿ ಬರುವ ಈ ನೊರೆ ಸೊಪ್ಪಿನ ರಸದ್ದು. ಪಾಕ (ಎಣ್ಣೆ ಕಾದು ಬರುವ ಹದ) ಬಂತು ಅಂತ ಮೋಸ ಹೋಗಬೇಡಿ.

ಕುದಿ ಬಂದ ಮೇಲೆ ಉರಿ ಇನ್ನೂ ಸಣ್ಣದು ಮಾಡಿ. ಮುಚ್ಚಳ ಹಾಕಬೇಡಿ, ನೀರು ಹಾರಿ ಹೋಗಬೇಕು. ಆಗಾಗ ಸೌಟಿನಿಂದ ತಳ ಕೆದಕಿ. ಎಣ್ಣೆಯಲ್ಲಿ ನೀರು ಇರುವವರೆಗೆ ಬಿಸಿ ಸುಮಾರು 100 ಡಿಗ್ರಿಯಲ್ಲೇ ನಿಂತಿರುತ್ತದೆ. ಬೆಂಗಳೂರು, ಮೈಸೂರಿನ ಎತ್ತರದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ನೀರು ಮುಗಿದ ಕೂಡಲೇ ಬಿಸಿ ಸರಸರನೆ ಏರುತ್ತದೆ. ಅಡುಗೆ ಥರ್ಮಾಮೀಟರ್ ಇದ್ದರೆ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ. 105 ದಾಟಿತೆಂದರೆ ಎಚ್ಚರವಾಗಿ. 110ಕ್ಕೆ ಬಂದಾಗ ಪರೀಕ್ಷೆ ಶುರು ಮಾಡಿ. 120 ದಾಟಲು ಬಿಡಬೇಡಿ.

ಹಿಂದಿನವರ ಹತ್ತಿರ ಥರ್ಮಾಮೀಟರ್ ಇರಲಿಲ್ಲ. ಅವರು ಕೈ, ಕಿವಿ, ಕಣ್ಣು ನಂಬಿದರು. ಈ ಮೂರು ಪರೀಕ್ಷೆಗಳನ್ನು ನಾನು ಇವತ್ತಿಗೂ ತಪ್ಪಿಸುವುದಿಲ್ಲ.

ಬತ್ತಿ ಪರೀಕ್ಷೆ: ಸೌಟಿನಿಂದ ಸ್ವಲ್ಪ ಕಲ್ಕ ತೆಗೆದು, ಆರಿದ ಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯಿರಿ. ಬೆರಳಿಗೆ ಅಂಟಿದರೆ ಮೃದು ಪಾಕ. ಅಂಟದೆ ನುಣುಪಾದ ಬತ್ತಿ ಆದರೆ ಮಧ್ಯಮ ಪಾಕ. ಬತ್ತಿ ಸ್ವಲ್ಪ ಗಟ್ಟಿಯಾಗಿ ಮುರಿಯುವಂತಾದರೆ ಖರ ಪಾಕ. ಕರಕಲಾಗಿ ಇದ್ದಿಲಿನಂತಾದರೆ ಸುಟ್ಟಿತು, ಆ ಎಣ್ಣೆ ಕೆಲಸಕ್ಕೆ ಬಾರದು.

ಬೆಂಕಿ ಪರೀಕ್ಷೆ: ಹೊಸೆದ ಬತ್ತಿಯನ್ನು ಇಕ್ಕಳದಲ್ಲಿ ಹಿಡಿದು, ಎಣ್ಣೆಯ ಪಾತ್ರೆಯಿಂದ ದೂರದಲ್ಲಿ, ದೀಪದ ಉರಿಗೆ ಹಿಡಿಯಿರಿ. ಚಟಪಟ ಎಂದರೆ ಒಳಗೆ ನೀರಿದೆ. ಸದ್ದಿಲ್ಲದೆ ಉರಿದರೆ ನೀರು ಹೋಗಿದೆ. ನಮ್ಮ ಮನೆಯ ಹಿರಿಯರು ಹೇಳಿದ ಸದ್ದು ಇದೇ.

ನೊರೆ ಪರೀಕ್ಷೆ: ಎಣ್ಣೆಯಲ್ಲಿ ಪಾಕ ಮುಗಿಯುವಾಗ ನೊರೆ ಏಳುತ್ತದೆ. ತುಪ್ಪದಲ್ಲಿ ಇದಕ್ಕೆ ತಿರುಗುಮುರುಗು, ಪಾಕ ಮುಗಿದಾಗ ನೊರೆ ಇಳಿಯುತ್ತದೆ. ಎರಡನ್ನೂ ಮಾಡುವವರು ಇದನ್ನು ಗುರುತಿಟ್ಟುಕೊಳ್ಳಬೇಕು.

ಮೂಗಿಗೆ ಬಿಡುವ ಎಣ್ಣೆಗೆ ಮೃದು ಪಾಕ, ಹೊಟ್ಟೆಗೆ ಕೊಡುವುದಕ್ಕೆ ಮಧ್ಯಮ ಪಾಕ, ಮೈಗೆ ಹಚ್ಚುವುದಕ್ಕೆ ಖರ ಪಾಕ ಎಂದು ಶಾಸ್ತ್ರ ಹೇಳುತ್ತದೆ. ಇದನ್ನು ಬಾಳಿಕೆಯ ಕಣ್ಣಿನಿಂದ ನೋಡಿ. ಮೃದು ಪಾಕದಲ್ಲಿ ತೇವ ಉಳಿದಿರುತ್ತದೆ, ಹಾಗಾಗಿ ಬೇಗ ಕೆಡುತ್ತದೆ. ತಲೆಗೆ, ಮೈಗೆ ಹಚ್ಚಲು ತಿಂಗಳುಗಟ್ಟಲೆ ಇಡುವ ಎಣ್ಣೆಯನ್ನು ಮಧ್ಯಮ ದಾಟಿಸಿ ಖರದ ಹತ್ತಿರ ತರಬೇಕು. ನಾನು ಬತ್ತಿ ಮುರಿಯಲು ಶುರುವಾದ ಕ್ಷಣಕ್ಕೆ ಒಲೆ ಆರಿಸುತ್ತೇನೆ.

ಒಂದೇ ದಿನದಲ್ಲಿ ಎಣ್ಣೆ ಮುಗಿಸಬಾರದು ಎಂಬ ಮಾತೂ ಇದೆ. ನಿಧಾನಕ್ಕೆ ಕಾದರೆ ಸಾರ ಚೆನ್ನಾಗಿ ಇಳಿಯುತ್ತದೆ ಎಂಬುದು ಅದರ ಹಿಂದಿನ ಅರ್ಥ. ಹಾಗೆ ಮಾಡುವುದಾದರೆ ರಾತ್ರಿ ನಿಲ್ಲಿಸುವ ಮುಂಚೆ ಚೆನ್ನಾಗಿ ಒಂದು ಕುದಿ ಬರಿಸಿ, ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಕುದಿಸಿ. ಬೇಸಿಗೆಯಲ್ಲಿ ನಾನು ಒಂದೇ ದಿನಕ್ಕೆ ಮುಗಿಸುತ್ತೇನೆ. ಹಸಿ ರಸ ಸೆಕೆಯಲ್ಲಿ ರಾತ್ರಿಯಿಡೀ ನಿಂತರೆ ಹುಳಿಯಾಗುತ್ತದೆ.

ಸೋಸುವುದು, ತಿಳಿಯಾಗಲು ಬಿಡುವುದು

ಒಲೆ ಆರಿಸಿದ ಮೇಲೂ ತಳದ ಬಿಸಿಗೆ ಕಲ್ಕ ಸೀಯುತ್ತದೆ. ಆದ್ದರಿಂದ ಬಿಸಿ ಇರುವಾಗಲೇ ದಪ್ಪ ಹತ್ತಿ ಬಟ್ಟೆಯಲ್ಲಿ ಒಣ ಸ್ಟೀಲ್ ಪಾತ್ರೆಗೆ ಸೋಸಿ. ಕೈ ಸುಡದಂತೆ ಜೋಪಾನ. ತಾನಾಗಿ ಇಳಿದ ಎಣ್ಣೆ ಒಂದು ಪಾತ್ರೆಗೆ. ಬಟ್ಟೆ ಹಿಂಡಿ ಬಂದ ಎಣ್ಣೆ ಇನ್ನೊಂದಕ್ಕೆ. ಹಿಂಡಿದ್ದರಲ್ಲಿ ಕಸರು ಜಾಸ್ತಿ, ಅದನ್ನು ಮೊದಲು ಬಳಸಿ ಮುಗಿಸಿ.

ಬಿಸಿ ಎಣ್ಣೆಗೆ ಮುಚ್ಚಳ ಹಾಕಿದರೆ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಎಣ್ಣೆಗೇ ಬೀಳುತ್ತದೆ. ಮೂರು ಗಂಟೆಯ ಶ್ರಮ ಒಂದು ಹನಿಯಲ್ಲಿ ಹೋಗಬಾರದು. ತೆಳು ಬಟ್ಟೆ ಕಟ್ಟಿಡಿ. ಒಂದು ದಿನ ಕತ್ತಲಲ್ಲಿ ಬಿಟ್ಟರೆ ತಳದಲ್ಲಿ ಕಸರು ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಹಾಕಿ ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಮಬ್ಬು ಪದರ ಅಥವಾ ಹನಿ ಕಂಡರೆ ಮತ್ತೆ ಒಲೆಗೆ ಇಟ್ಟು ಸದ್ದು ನಿಲ್ಲುವವರೆಗೆ ಕಾಯಿಸಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಆ ಮಬ್ಬನ್ನು ನೀರು ಅಂದುಕೊಳ್ಳಬೇಡಿ.

ವಿಟಮಿನ್ ಇ: ಯಾವುದು, ಎಷ್ಟು?

ತುಂಬ ಜನ ಔಷಧಿ ಅಂಗಡಿಯ ಹಸಿರು ಕ್ಯಾಪ್ಸೂಲ್ ಚುಚ್ಚಿ ಎಣ್ಣೆಗೆ ಹಿಂಡುತ್ತಾರೆ. ಕ್ಯಾಪ್ಸೂಲ್‌ಗಳಲ್ಲಿ ಹೆಚ್ಚಾಗಿ ಇರುವುದು ಟೋಕೋಫೆರಿಲ್ ಅಸಿಟೇಟ್ ಎಂಬ ಬಗೆಯ ವಿಟಮಿನ್ ಇ. ಅದು ದೇಹದೊಳಗೆ ಹೋಗಿ ಒಡೆದ ಮೇಲೆ ಕೆಲಸ ಮಾಡುವಂಥದ್ದು. ಬಾಟಲಿಯ ಎಣ್ಣೆಯನ್ನು ಅದು ಕಾಯುವುದಿಲ್ಲ. ನಿಮಗೆ ಬೇಕಾದ್ದು ಬರೀ ಟೋಕೋಫೆರಾಲ್, ಅದರಲ್ಲೂ ಮಿಶ್ರ (ಹಲವು ಬಗೆ ಸೇರಿದ) ಟೋಕೋಫೆರಾಲ್. ಸೋಪು, ಕ್ರೀಮು ಮಾಡುವವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಲೇಬಲ್ ಓದಿ ತನ್ನಿ.

ಪ್ರಮಾಣ ಎಣ್ಣೆಯ ತೂಕದ 0.1ರಿಂದ 0.2 ಪ್ರತಿಶತ. ಅಂದರೆ 500 ಗ್ರಾಂ ಎಣ್ಣೆಗೆ ಅರ್ಧದಿಂದ ಒಂದು ಗ್ರಾಂ. ಎಣ್ಣೆ ಉಗುರುಬೆಚ್ಚಗಾದ ಮೇಲೆ ಹಾಕಿ ಕಲಸಿ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂತ ಇಲ್ಲ. ಮಿತಿ ಮೀರಿದರೆ ಅದೇ ಕೆಡಿಸಲು ಶುರು ಮಾಡುತ್ತದೆ. ರೋಸ್‌ಮೇರಿ ಸಾರವೂ ಇದೇ ಕೆಲಸ ಮಾಡುತ್ತದೆ. ಆದರೆ ಪರಿಮಳದ ರೋಸ್‌ಮೇರಿ ಎಣ್ಣೆ ಬೇರೆ, ಈ ಸಾರ ಬೇರೆ.

ಇವೆಲ್ಲ ಗಾಳಿಯಿಂದ ಕೆಡುವುದನ್ನು ನಿಧಾನ ಮಾಡುತ್ತವೆ ಅಷ್ಟೆ. ಬೂಸ್ಟು, ಬ್ಯಾಕ್ಟೀರಿಯಾ ತಡೆಯುವುದಿಲ್ಲ. ಕೆಟ್ಟ ಎಣ್ಣೆಯನ್ನು ಸರಿ ಮಾಡುವುದೂ ಇಲ್ಲ. ಚೆನ್ನಾಗಿ ಪಾಕ ಬಂದ ಎಳ್ಳೆಣ್ಣೆಗೆ ನಾನು ಇದನ್ನು ಹಾಕುವುದೇ ಇಲ್ಲ.

ಬಾಟಲಿ

ಕಂದು ಬಣ್ಣದ ಗಾಜಿನ ಬಾಟಲಿ, 100 ಮಿಲಿಯವು. ಒಂದು ಲೀಟರಿನ ಒಂದು ಬಾಟಲಿಗಿಂತ ಹತ್ತು ಚಿಕ್ಕವು ಎಷ್ಟೋ ವಾಸಿ. ದೊಡ್ಡದನ್ನು ದಿನಾ ತೆರೆದರೆ ಒಳಗೆ ದಿನಾ ಹೊಸ ಗಾಳಿ ಸೇರುತ್ತದೆ. ಕುತ್ತಿಗೆಯವರೆಗೆ ತುಂಬಿ.

ಬಾಟಲಿ ತೊಳೆದು ಒಂದು ಇಡೀ ದಿನ ಬಿಸಿಲಿಗೆ ಬೋರಲು ಹಾಕಿ. ಮಳೆಗಾಲವಾದರೆ ಓವನ್ನಿನಲ್ಲಿ ಒಣಗಿಸಿ. ಮುಚ್ಚಳದ ಒಳಗಿನ ಸುತ್ತು ಒಣಗಿದೆಯಾ ನೋಡಿ. ಎಲ್ಲರೂ ಮರೆಯುವ ಜಾಗ ಅದು.

ಹಸಿರು ಎಣ್ಣೆಗೆ ಕತ್ತಲು ಇನ್ನೂ ಮುಖ್ಯ. ಸೊಪ್ಪಿನ ಹಸಿರು ಬೆಳಕನ್ನು ಹೀರಿ, ಗಾಳಿಯ ಆಮ್ಲಜನಕವನ್ನು ಕೆರಳಿಸಿ ಎಣ್ಣೆಯ ಮೇಲೆ ಬಿಡುತ್ತದೆ. ಅಂಗಡಿಯ ಬೆಳಕಿನಲ್ಲಿ ಬಿಳಿ ಬಾಟಲಿಯಲ್ಲಿ ಹೊಳೆಯುವ ಹಸಿರು ಎಣ್ಣೆ ನೋಡಿದಾಗ ನನಗೆ ಸಂಕಟ ಆಗುತ್ತದೆ. ನಾನು ಮೊದಲು ಕಿಟಕಿಯಲ್ಲಿ ಇಟ್ಟಿದ್ದೂ ಹಾಗೇ.

ಬಚ್ಚಲುಮನೆಯಲ್ಲಿ ಇಡಬೇಡಿ. ಒದ್ದೆ ಬೆರಳು ಅದ್ದಬೇಡಿ. ಫ್ರಿಜ್ಜಿನಲ್ಲಿ ಇಟ್ಟರೆ, ಹೊರಗೆ ತೆಗೆದು ಮಾಮೂಲಿ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆರೆಯಿರಿ. ಇಲ್ಲದಿದ್ದರೆ ಒಳಗೆ ಹನಿ ಕಟ್ಟುತ್ತದೆ. ಲೇಬಲ್ಲಿನ ಮೇಲೆ ಎಣ್ಣೆ, ಸೊಪ್ಪು, ಕಾಯಿಸಿದ ದಿನ, ಬಾಟಲಿ ತೆರೆದ ದಿನ ಬರೆಯಿರಿ. ನನ್ನ ಲೆಕ್ಕ ಇದು: ಎಳ್ಳೆಣ್ಣೆಯದು ತೆರೆಯದಿದ್ದರೆ ಒಂದು ವರ್ಷ, ತೆರೆದ ಮೇಲೆ ಮೂರು ತಿಂಗಳು.

ಕಾಯಿಸದೆ ನೆನೆಸುವುದಾದರೆ

ಕೆಲವು ಹೂವು, ಎಲೆಗಳನ್ನು ಕಾಯಿಸಲು ಮನಸ್ಸಾಗುವುದಿಲ್ಲ. ಹಾಗಿದ್ದರೆ ಮುಟ್ಟಿದರೆ ಪುಡಿಯಾಗುವಷ್ಟು ನೆರಳಲ್ಲಿ ಒಣಗಿಸಿದ್ದನ್ನೇ ಬಳಸಿ. ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು, ಎಣ್ಣೆಯನ್ನು ಸುಮಾರು 60 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಇಟ್ಟು ಸೋಸಿ. ಕೆಳಗಿನ ಆವಿ ಮೇಲಿನ ಪಾತ್ರೆಗೆ ಬರದಂತೆ ನೋಡಿಕೊಳ್ಳಿ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ನೆನೆಸಿ ಹೊರಗಿಟ್ಟು ತಿನ್ನುವುದು ಮಾತ್ರ ಖಂಡಿತ ಬೇಡ. ಗಾಳಿಯಿಲ್ಲದ ಆ ಜಾಗದಲ್ಲಿ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ವಿಷ ಬೆಳೆಸುತ್ತದೆ. ವಾಸನೆಯಿಂದ ಅದು ಗೊತ್ತಾಗುವುದಿಲ್ಲ.

ಮುಲಾಮು, ಕ್ರೀಮು, ಪರಿಮಳದ ಎಣ್ಣೆ

ಮುಲಾಮಿಗೆ ನಾಲ್ಕೈದು ಪಾಲು ಎಣ್ಣೆಗೆ ಒಂದು ಪಾಲು ಜೇನುಮೇಣ, ತೂಕದಲ್ಲಿ. ಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ತುಂಬ ಬಿಸಿ ಮಾಡಬೇಕಿಲ್ಲ. ನೀರಿಲ್ಲದ ಮುಲಾಮು ಎಣ್ಣೆಯಷ್ಟೇ ಬಾಳುತ್ತದೆ. ಗುಲಾಬಿ ನೀರು, ಲೋಳೆಸರ ಸೇರಿಸಿದ ಕ್ರೀಮು ಹಾಗಲ್ಲ. ಅದಕ್ಕೆ ಸರಿಯಾದ ಸಂರಕ್ಷಕ ಬೇಕೇ ಬೇಕು. ಇಲ್ಲವಾದರೆ ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.

ಮಜ್ಜಿಗೆಹುಲ್ಲಿನ ಎಣ್ಣೆ, ನಿಂಬೆ ಎಣ್ಣೆ, ಟೀ ಟ್ರೀ ಎಣ್ಣೆಗಳು ಆವಿಯಾಗುವ ಎಣ್ಣೆಗಳು. ಹಳತಾದರೆ ಚರ್ಮಕ್ಕೆ ಅಲರ್ಜಿ ತರುತ್ತವೆ. ತುಂಬಿದ ಚಿಕ್ಕ ಬಾಟಲಿಯಲ್ಲಿ, ಫ್ರಿಜ್ಜಿನಲ್ಲಿ ಇಡಿ. ಶ್ರೀಗಂಧದ ಎಣ್ಣೆಗೆ ಈ ಚಿಂತೆ ಕಡಿಮೆ. ಪುಟ್ಟ ಮಕ್ಕಳಿಗೆ ಹಚ್ಚುವ ಎಣ್ಣೆಗೆ ಕರ್ಪೂರ, ನೀಲಗಿರಿ ಎಣ್ಣೆ ಹಾಕಬೇಡಿ.

ಕೆಟ್ಟಿದೆಯಾ ಅಂತ ತಿಳಿಯುವುದು

ಪ್ರತಿ ಸಲ ಕಾಯಿಸಿದಾಗ ಎರಡು ಚಿಕ್ಕ ಬಾಟಲಿ ಬೇರೆ ತೆಗೆದಿಡಿ. ಒಂದು ಫ್ರಿಜ್ಜಿನಲ್ಲಿ. ಇನ್ನೊಂದು ಮನೆಯ ಅತಿ ಬೆಚ್ಚಗಿನ ಕತ್ತಲ ಜಾಗದಲ್ಲಿ, ಉದಾಹರಣೆಗೆ ಒಲೆ ಪಕ್ಕದ ಕಪಾಟಿನಲ್ಲಿ. ಹದಿನೈದು ದಿನಕ್ಕೊಮ್ಮೆ ಎರಡರಿಂದಲೂ ಒಂದೊಂದು ತೊಟ್ಟು ಅಂಗೈಗೆ ಹಾಕಿ, ಉಜ್ಜಿ ಬೆಚ್ಚಗೆ ಮಾಡಿ ಮೂಸಿ. ಬೆಚ್ಚಗಿನ ಬಾಟಲಿ ಮೊದಲು ಕೆಡುತ್ತದೆ. ಅದು ಕೆಟ್ಟಿತೆಂದರೆ ಕಪಾಟಿನ ಉಳಿದ ಎಣ್ಣೆಯನ್ನು ಬೇಗ ಬಳಸಿ ಅಥವಾ ಹಂಚಿಬಿಡಿ. ಪ್ರಯೋಗಾಲಯಕ್ಕೆ ಕೊಡುವುದಾದರೆ ಪೆರಾಕ್ಸೈಡ್ ಮೌಲ್ಯ, ಆಮ್ಲ ಮೌಲ್ಯ ಎರಡನ್ನೂ ಕೇಳಿ. ಮೊದಲನೆಯದು ಗಾಳಿ ಮಾಡಿದ ಹಾನಿ, ಎರಡನೆಯದು ನೀರು ಮಾಡಿದ್ದು. ತಾಜಾ ಎಣ್ಣೆಯಲ್ಲಿ ಪೆರಾಕ್ಸೈಡ್ ಮೌಲ್ಯ 10ಕ್ಕಿಂತ ಕಡಿಮೆ ಇರಬೇಕು.

ಹೊಸ ಎಣ್ಣೆಯನ್ನು ಮೊದಲು ಮೊಣಕೈ ಒಳಬದಿಗೆ ಒಂದು ತೊಟ್ಟು ಹಚ್ಚಿ ಒಂದು ದಿನ ಕಾಯಿರಿ. ತೆರೆದ ಗಾಯಕ್ಕೆ, ಕಣ್ಣಿಗೆ, ಹೊಟ್ಟೆಗೆ ಮನೆಯಲ್ಲಿ ಮಾಡಿದ್ದನ್ನು ಕೊಡಬೇಡಿ, ಅದು ವೈದ್ಯರ ಕೆಲಸ. ಔಷಧಿ ಎಂದು ಮಾರುವುದಾದರೆ 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯ ಪ್ರಕಾರ ಪರವಾನಗಿ ಬೇಕು.

ಕಮಟು ಹಿಡಿದ ಎಣ್ಣೆಯನ್ನು ತಲೆಗೆ ಹಚ್ಚಿ ಖರ್ಚು ಮಾಡಬೇಡಿ. ಬಾಗಿಲ ಕೀಲಿಗೆ, ಕತ್ತಿ ಕುಡುಗೋಲಿಗೆ ಹಚ್ಚಿ. ಬಾಟಲಿಯನ್ನು ಸೋಪು, ಬಿಸಿನೀರಿನಲ್ಲಿ ಜಿಡ್ಡು ಪೂರ್ತಿ ಹೋಗುವವರೆಗೆ ತೊಳೆದು, ಬಿಸಿಲಿಗೆ ಹಾಕಿ.